ಟ್ರೇಲರ್: ನಿಲ್ಲುವುದನ್ನು ಕಲಿಯದ ಬಂಡಿ

ಭಾರತ ಹುಣ್ಣಿಮೆ ಹತ್ತಿರವಾದಂತೆ ಬಳ್ಳಾರಿ ಸೀಮೆಯ ರಸ್ತೆಗಳಲ್ಲಿ ಚಲಿಸುವ ಮನೆಗಳು ಕಾಣಿಸಿಕೊಳ್ಳುತ್ತವೆ. ಮುಂದೆ ಟ್ರ್ಯಾಕ್ಟರು, ಹಿಂದೆ ಟ್ರೇಲರು. ಟ್ರೇಲರಿನ ಮೇಲೆ ಬಿದಿರಿನ ಇಲ್ಲವೆ ಕಬ್ಬಿಣದ ಪೈಪಿನ ಕಮಾನು, ಅದಕ್ಕೆ ಬಿಗಿದ ತಾಡಪಾಲು. ಒಳಗೆ ಹುಲ್ಲಿನ ಹಾಸು, ಅದರ ಮೇಲೊಂದು ಜಮಖಾನೆ, ಮೂಲೆಯಲ್ಲಿ ನೀರಿನ ಡ್ರಮ್ಮು, ರೊಟ್ಟಿಯ ಗಂಟು, ಪಾತ್ರೆ ಪಡಗ, ಒಲೆ. ಬಳ್ಳಾರಿ ನಗರಕ್ಕೆ ಸಮೀಪದ ಕೊಳಗಲ್ಲಿನಂಥ ಊರಿನಿಂದ ಕುರುಗೋಡಿನ ದೊಡ್ಡಬಸವೇಶ್ವರನ ತೇರಿಗೆ ಹೊರಟರೆ ಇದು ಸ್ವಲ್ಪ ಹೊತ್ತಿನ ದಾರಿ. ಹೂವಿನಹಡಗಲಿ ತಾಲ್ಲೂಕಿನ ಮೈಲಾರಕ್ಕೋ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೋ ಹೊರಟರೆ ನೂರಾರು ಕಿ.ಮೀ. ಪಯಣ. ಯುರೋಪ್ ಮತ್ತು ಅಮೆರಿಕದಲ್ಲಿ ಕಾರಿನ ಹಿಂದೆ ಪುಟ್ಟ ಮನೆಯೊಂದನ್ನು ಕಟ್ಟಿಕೊಂಡು ಪ್ರವಾಸ ಹೋಗುವ ಕುಟುಂಬಗಳಿವೆ. ಆ ಪ್ರವಾಸಿ ಟ್ರೇಲರಿಗೆ ನಮ್ಮಲ್ಲಿ ಸಮನಾದದ್ದು ಏನಾದರೂ ಇದ್ದರೆ ಅದು ಜಾತ್ರೆಗೆ ಹೊರಟ ಈ ಟ್ರೇಲರೇ.

ಕಾದಂಬರಿ ಬಂದರೆ ವಿಮರ್ಶೆ ಬರೆಯುತ್ತೇವೆ, ಸಿನಿಮಾ ಬಂದರೆ ಚರ್ಚಿಸುತ್ತೇವೆ. ಆದರೆ ದಿನವೂ ಬಳಸುವ ಯಂತ್ರವನ್ನು ಎದುರಿಗಿಟ್ಟುಕೊಂಡು ಅದರ ಗುಣದೋಷಗಳನ್ನು ತೂಗಿ ನೋಡುವ ಅಭ್ಯಾಸ ನಮ್ಮಲ್ಲಿ ಕಡಿಮೆ. ಟ್ರೇಲರ್ ಅಂಥ ವಿಮರ್ಶೆಗೆ ಅರ್ಹವಾದ ವಸ್ತು. ನಿಮ್ಮ ಮನೆಯ ಮುಂದೆ ಟ್ರೇಲರ್ ನಿಂತಿದ್ದರೆ ಈ ಲೇಖನವನ್ನು ಅದರ ಪಕ್ಕದಲ್ಲೇ ನಿಂತು ಓದಿ. ಇಲ್ಲಿ ಹೇಳಿರುವುದರಲ್ಲಿ ಹೆಚ್ಚಿನದನ್ನು ಕಣ್ಣಿನಿಂದ, ಕೈಯಿಂದ ಪರೀಕ್ಷಿಸಿ ನೋಡಬಹುದು.

ಬಂಡಿಯ ವಂಶ

ಮೊದಲು ಮೆಚ್ಚುಗೆಯ ಮಾತು. ಟ್ರೇಲರಿನಷ್ಟು ಸರಳವಾದ, ಇಷ್ಟೊಂದು ಕೆಲಸಕ್ಕೆ ಒದಗುವ ವಾಹನ ಹಳ್ಳಿಯಲ್ಲಿ ಇನ್ನೊಂದಿಲ್ಲ. ಕಬ್ಬಿಣದ ಚೌಕಟ್ಟು, ಅದರ ಮೇಲೊಂದು ತೊಟ್ಟಿ, ಕೆಳಗೆ ಅಚ್ಚು, ಕಮಾನು ಪಟ್ಟಿ, ಟೈರು, ಮುಂದೆ ಎಳೆಯುವ ಡ್ರಾಬಾರ್. ಅದರೊಳಗೆ ಎಂಜಿನ್ನಿಲ್ಲ, ಗೇರಿಲ್ಲ. ಕೆಟ್ಟರೆ ಹತ್ತಿರದ ಪಟ್ಟಣದ ವೆಲ್ಡಿಂಗ್ ಶೆಡ್ಡಿನಲ್ಲಿ ದುರಸ್ತಿಯಾಗುತ್ತದೆ. ಸುಗ್ಗಿಯಲ್ಲಿ ಭತ್ತದ ಚೀಲ, ಬೇಸಿಗೆಯಲ್ಲಿ ಗೊಬ್ಬರ, ಮುಂದೊಂದು ದಿನ ಹತ್ತಿ, ಮೆಣಸಿನಕಾಯಿ, ಜೋಳದ ಸೊಪ್ಪೆ, ಮನೆ ಕಟ್ಟುವಾಗ ಮರಳು, ಇಟ್ಟಿಗೆ. ಎಲ್ಲಕ್ಕೂ ಒಂದೇ ತೊಟ್ಟಿ. ಎರೆ ಹೊಲದ ಕೆಸರಿನಲ್ಲಿ ಲಾರಿ ಹೂತುಹೋಗುವ ಕಡೆ ಟ್ರ್ಯಾಕ್ಟರು ಇದನ್ನು ಎಳೆದುಕೊಂಡು ಹೊರಬರುತ್ತದೆ.

ಇಷ್ಟು ಸರಳತೆ ಎಲ್ಲಿಂದ ಬಂತು? ಟ್ರೇಲರಿನ ರಚನೆಯನ್ನು ಗಮನಿಸಿದರೆ ಅದರ ವಂಶ ತಿಳಿಯುತ್ತದೆ. ಬಂಡಿಯ ಮೂಕಿ ಇಲ್ಲಿ ಡ್ರಾಬಾರ್ ಆಗಿದೆ. ನೊಗಕ್ಕೆ ಬಿಗಿಯುವ ಹಗ್ಗದ ಜಾಗದಲ್ಲಿ ಕೊಂಡಿ ಮತ್ತು ಪಿನ್ನು ಇವೆ. ಚಕ್ರ ಕಳಚದಂತೆ ಅಚ್ಚಿನ ತುದಿಗೆ ಹಾಕುತ್ತಿದ್ದ ಕಡಾಣಿಯ ಕೆಲಸವನ್ನು ನಟ್ಟು ಮತ್ತು ಕಾಟರ್ ಪಿನ್ನು ಮಾಡುತ್ತವೆ. ಕೀಲೆಣ್ಣೆ ಇದ್ದ ಕಡೆ ಗ್ರೀಸು ಬಂದಿದೆ. ಜಾತ್ರೆಗೆ ಕಟ್ಟುತ್ತಿದ್ದ ಕೊಲ್ಲಾರಿ ಬಂಡಿಯ ತಟ್ಟಿಯ ಮಾಡು ತಾಡಪಾಲಾಗಿ ಮುಂದುವರಿದಿದೆ. ಟ್ರೇಲರ್ ಎಂಬುದು ದೊಡ್ಡದಾದ, ಕಬ್ಬಿಣದ, ಗಾಳಿ ತುಂಬಿದ ಟೈರಿನ ಬಂಡಿ. ಅದರ ಗುಣಗಳೆಲ್ಲ ಬಂಡಿಯಿಂದ ಬಂದವು. ಅದರ ದೊಡ್ಡ ದೋಷವೂ ಅಲ್ಲಿಂದಲೇ ಬಂದಿತು.

ಎತ್ತಿನ ಬಂಡಿಯನ್ನು ವಿಜ್ಞಾನದ ಕಣ್ಣಿನಿಂದ ವಿಮರ್ಶಿಸಿದವರು ನಮ್ಮ ರಾಜ್ಯದಲ್ಲೇ ಇದ್ದರು. ಬೆಂಗಳೂರಿನ ಭಾರತೀಯ ವ್ಯವಸ್ಥಾಪನಾ ಸಂಸ್ಥೆಯ ನಿರ್ದೇಶಕರಾಗಿದ್ದ ಎನ್. ಎಸ್. ರಾಮಸ್ವಾಮಿ ಅವರು 1970ರ ದಶಕದಿಂದಲೂ ಬಂಡಿಯ ಸುಧಾರಣೆಗಾಗಿ ದುಡಿದು ‘ಕಾರ್ಟ್‌ಮನ್’ ಎಂದೇ ಹೆಸರಾದರು. ನೊಗ ಎತ್ತಿನ ಹೆಗಲನ್ನು ಹೇಗೆ ಗಾಯಗೊಳಿಸುತ್ತದೆ, ಪ್ರಾಣಿಗೆ ಆಗುವ ಶ್ರಮವನ್ನು ಹೇಗೆ ತಗ್ಗಿಸಬಹುದು ಎಂಬ ಪ್ರಶ್ನೆಗಳನ್ನು ಅವರು ಗಂಭೀರವಾಗಿ ಎತ್ತಿದರು. ಮಣ್ಣಿನ ರಸ್ತೆಯ ಬಂಡಿಗೆ ಸಿಕ್ಕ ಆ ಕಾಳಜಿ ಡಾಂಬರು ರಸ್ತೆಯ ಟ್ರೇಲರಿಗೂ ಸಿಗಬೇಕು.

ಎತ್ತು ಹೋಯಿತು, ಬ್ರೇಕೂ ಹೋಯಿತು

ಬಂಡಿಯನ್ನು ನಿಲ್ಲಿಸುತ್ತಿದ್ದವರು ಯಾರು? ಎತ್ತುಗಳು. ಇಳಿಜಾರಿನಲ್ಲಿ ಬಂಡಿ ಮುಂದಕ್ಕೆ ತಳ್ಳಿದಾಗ ಎತ್ತುಗಳು ಕಾಲೂರಿ ಕತ್ತನ್ನು ಹಿಂದಕ್ಕೆ ಒತ್ತಿ ತಡೆಯುತ್ತಿದ್ದವು. ಬಂಡಿಯ ವೇಗ ಗಂಟೆಗೆ 4 ಕಿ.ಮೀ. ಇದ್ದಾಗ ಅಷ್ಟು ಸಾಕಾಗುತ್ತಿತ್ತು. ಬಂಡಿಗೆ ಪ್ರತ್ಯೇಕ ಬ್ರೇಕ್ ಇಲ್ಲದಿದ್ದರೂ ಹೇಗೋ ನಡೆಯುತ್ತಿತ್ತು.

ಈಗ ಒಂದು ಸಣ್ಣ ಲೆಕ್ಕ ಮಾಡೋಣ. ಚಲಿಸುವ ವಸ್ತುವಿನ ಚಲನಶಕ್ತಿ ಅದರ ರಾಶಿಗೆ ಅನುಗುಣವಾಗಿಯೂ ವೇಗದ ವರ್ಗಕ್ಕೆ ಅನುಗುಣವಾಗಿಯೂ ಹೆಚ್ಚುತ್ತದೆ. ಹೇರು ಸಹಿತ 1 ಟನ್ ತೂಗುವ ಬಂಡಿ ಗಂಟೆಗೆ 4 ಕಿ.ಮೀ. ವೇಗದಲ್ಲಿ ಹೋಗುತ್ತಿದೆ ಎನ್ನಿ. ಅದರ ಚಲನಶಕ್ತಿ ಸುಮಾರು 600 ಜೌಲ್. ಹೇರು ಸಹಿತ 6 ಟನ್ ತೂಗುವ ಟ್ರೇಲರು ಗಂಟೆಗೆ 25 ಕಿ.ಮೀ. ವೇಗದಲ್ಲಿ ಹೋದರೆ ಅದು ಸುಮಾರು 1,45,000 ಜೌಲ್. ರಾಶಿ 6 ಪಟ್ಟಾಗಿದೆ, ವೇಗದ ವರ್ಗ 39 ಪಟ್ಟಾಗಿದೆ. ಎರಡೂ ಸೇರಿ ಶಕ್ತಿ 230 ಪಟ್ಟಿಗೂ ಹೆಚ್ಚಾಗಿದೆ. ನಿಲ್ಲಿಸುವಾಗ ಈ ಶಕ್ತಿಯನ್ನೆಲ್ಲ ಶಾಖವನ್ನಾಗಿ ಮಾರ್ಪಡಿಸಬೇಕು. ಬಹುಪಾಲು ಟ್ರೇಲರುಗಳಲ್ಲಿ ಆ ಕೆಲಸಕ್ಕೆ ಏನೂ ಇಲ್ಲ. ಎತ್ತು ಹೋದಾಗ ಬ್ರೇಕೂ ಹೋಯಿತು, ಅದರ ಬದಲಿಗೆ ಇನ್ನೊಂದನ್ನು ಯಾರೂ ಕಟ್ಟಲಿಲ್ಲ.

‘ಟ್ರ್ಯಾಕ್ಟರಿಗೆ ಬ್ರೇಕ್ ಇದೆಯಲ್ಲ’ ಎಂದು ನೀವು ಕೇಳಬಹುದು. ಇದೆ. ಸಾಮಾನ್ಯ ಟ್ರ್ಯಾಕ್ಟರಿನಲ್ಲಿ ಅದು ಹಿಂದಿನ ಎರಡು ಚಕ್ರಗಳಿಗೆ ಮಾತ್ರ. 2 ಟನ್ನಿನ ಟ್ರ್ಯಾಕ್ಟರು ಒಂಟಿಯಾಗಿ ಓಡುವಾಗ ಆ ಬ್ರೇಕು ಪ್ರತಿ ಸೆಕೆಂಡಿಗೆ ವೇಗವನ್ನು ಸೆಕೆಂಡಿಗೆ 4 ಮೀಟರಿನಷ್ಟು ತಗ್ಗಿಸಬಲ್ಲದು ಎಂದು ಇಟ್ಟುಕೊಳ್ಳೋಣ. ಗಂಟೆಗೆ 25 ಕಿ.ಮೀ. ವೇಗದಿಂದ ಅದು 6 ಮೀಟರಿನಲ್ಲಿ ನಿಲ್ಲುತ್ತದೆ. ಅದರ ಹಿಂದೆ 6 ಟನ್ನಿನ ಟ್ರೇಲರ್ ಕಟ್ಟಿದರೆ ಒಟ್ಟು ರಾಶಿ 8 ಟನ್, ಅಂದರೆ ನಾಲ್ಕು ಪಟ್ಟು. ಬ್ರೇಕಿನ ಬಲ ಅಷ್ಟೇ ಇದ್ದರೆ ನಿಲ್ಲಲು ಬೇಕಾಗುವ ದೂರವೂ ನಾಲ್ಕು ಪಟ್ಟು, 24 ಮೀಟರ್. ಚಾಲಕ ಅಪಾಯವನ್ನು ಕಂಡು ಬ್ರೇಕ್ ಒತ್ತುವುದಕ್ಕೆ ಹಿಡಿಯುವ ಒಂದು ಸೆಕೆಂಡಿನಲ್ಲಿ ಕ್ರಮಿಸುವ 7 ಮೀಟರನ್ನೂ ಸೇರಿಸಿ, 31 ಮೀಟರ್ ಆಯಿತು. ವೇಗ ಗಂಟೆಗೆ 35 ಕಿ.ಮೀ. ಆದರೆ ಇದು 57 ಮೀಟರಿಗೆ ಏರುತ್ತದೆ. ಹೇರಿನ ಒಂದು ಪಾಲು ಟ್ರ್ಯಾಕ್ಟರಿನ ಹಿಂದಿನ ಚಕ್ರಗಳ ಮೇಲೆ ಬಿದ್ದು ಹಿಡಿತ ಸ್ವಲ್ಪ ಹೆಚ್ಚಬಹುದು. ಸವೆದ ಬ್ರೇಕು, ಕೆಸರು ಮೆತ್ತಿದ ರಸ್ತೆ ಅದನ್ನು ಮತ್ತೆ ಕಿತ್ತುಕೊಳ್ಳಬಹುದು. ಏನೇ ಆದರೂ ರಸ್ತೆಗೆ ಅಡ್ಡ ಬಂದ ಮಗುವಿಗೋ ದನಕ್ಕೋ ಈ ವಾಹನ ಸಕಾಲದಲ್ಲಿ ನಿಲ್ಲದು.

ಇನ್ನೂ ಒಂದು ಅಪಾಯವಿದೆ. ಮುಂದಿನದು ನಿಲ್ಲತೊಡಗಿದಾಗ ಹಿಂದಿನದು ತಳ್ಳುತ್ತದೆ. ಎರಡೂ ನೇರ ಸಾಲಿನಲ್ಲಿದ್ದರೆ ತಳ್ಳುವಿಕೆ ನೇರ. ತಿರುವಿನಲ್ಲಿದ್ದರೆ ಅದು ಓರೆಯಾಗಿ ಬಿದ್ದು ಟ್ರ್ಯಾಕ್ಟರಿನ ಹಿಂಭಾಗವನ್ನು ಪಕ್ಕಕ್ಕೆ ನೂಕುತ್ತದೆ. ಟ್ರ್ಯಾಕ್ಟರೂ ಟ್ರೇಲರೂ ಮಡಿಸುವ ಚಾಕುವಿನಂತೆ ಮಡಚಿಕೊಳ್ಳುತ್ತವೆ. ಇಳಿಜಾರಿನಲ್ಲಿ ಡೀಸೆಲ್ ಉಳಿಸಲೆಂದು ನ್ಯೂಟ್ರಲ್‌ಗೆ ಹಾಕುವ ಚಾಲಕ, ವೇಗವನ್ನು ಹಿಡಿದಿಡುತ್ತಿದ್ದ ಎಂಜಿನ್ನಿನ ಪ್ರತಿರೋಧವನ್ನೂ ತಾನೇ ಕಳಚಿ ಹಾಕಿದಂತೆ. ಟ್ರ್ಯಾಕ್ಟರಿನ ಎಡ ಮತ್ತು ಬಲ ಬ್ರೇಕುಗಳಿಗೆ ಬೇರೆ ಬೇರೆ ಪೆಡಲುಗಳಿವೆ ಎಂಬುದೂ ನಿಮಗೆ ಗೊತ್ತು. ಹೊಲದಲ್ಲಿ ಸಣ್ಣ ಜಾಗದಲ್ಲಿ ತಿರುಗಿಸಲು ಅದು ಬೇಕು. ರಸ್ತೆಗೆ ಬಂದಾಗ ಎರಡನ್ನೂ ಜೋಡಿಸುವ ಕೊಂಡಿಯನ್ನು ಹಾಕದಿದ್ದರೆ ಒಂದೇ ಚಕ್ರ ಹಿಡಿದು ಟ್ರ್ಯಾಕ್ಟರು ಗಿರ್ರನೆ ತಿರುಗಬಹುದು. ಅದನ್ನು ಜೋಡಿಸುವುದಕ್ಕೆ ಒಂದು ಕ್ಷಣ ಸಾಕು, ಒಂದು ಪೈಸೆಯೂ ಬೇಡ.

ಪ್ರವಾಸಿ ಟ್ರೇಲರುಗಳ ದೇಶಗಳಲ್ಲಿ ಈ ಸಮಸ್ಯೆಗೆ ಉತ್ತರ ಕಂಡುಕೊಂಡಿದ್ದಾರೆ. ಯುರೋಪಿನಲ್ಲಿ 750 ಕಿ.ಗ್ರಾಂ. ಒಟ್ಟು ತೂಕವನ್ನು ಮೀರುವ ಟ್ರೇಲರಿಗೆ ತನ್ನದೇ ಬ್ರೇಕ್ ಇರಬೇಕು. ಅಲ್ಲಿ ಸಾಮಾನ್ಯವಾಗಿರುವ ವ್ಯವಸ್ಥೆ ಬಹಳ ಜಾಣತನದ್ದು. ಮುಂದಿನ ವಾಹನ ನಿಧಾನವಾದಾಗ ಟ್ರೇಲರ್ ತಳ್ಳುತ್ತದಷ್ಟೆ? ಆ ತಳ್ಳುವಿಕೆಯಿಂದ ಡ್ರಾಬಾರಿನ ತುದಿ ಸ್ವಲ್ಪ ಹಿಂದಕ್ಕೆ ಜಾರುತ್ತದೆ. ಜಾರಿದ ದಂಡ ಒಂದು ಸಲಾಕೆಯನ್ನು ಎಳೆಯುತ್ತದೆ. ಅದು ಟ್ರೇಲರಿನ ಚಕ್ರಗಳ ಬ್ರೇಕನ್ನು ಹಿಡಿಯುತ್ತದೆ. ಹೆಚ್ಚು ತಳ್ಳಿದಷ್ಟೂ ಹೆಚ್ಚು ಹಿಡಿತ. ಅಪಾಯವನ್ನುಂಟುಮಾಡುವ ಬಲವೇ ಅದನ್ನು ತಡೆಯುವ ಬಲವೂ ಆಗುತ್ತದೆ. ಕೊಂಡಿ ಕಳಚಿದರೆ ತಾನೇ ಬ್ರೇಕ್ ಎಳೆದು ಟ್ರೇಲರನ್ನು ನಿಲ್ಲಿಸುವ ಉಕ್ಕಿನ ಹಗ್ಗವೂ ಅದಕ್ಕೆ ಇರುತ್ತದೆ. ಇದರಲ್ಲಿ ಕಂಪ್ಯೂಟರಾಗಲಿ ಸಂವೇದಕವಾಗಲಿ ಇಲ್ಲ. ಲಿವರು, ಸ್ಪ್ರಿಂಗು, ಸಲಾಕೆಗಳಷ್ಟೆ. ಹೈಡ್ರಾಲಿಕ್ ಜ್ಯಾಕಿನಿಂದ ಆರು ಟನ್ ತೊಟ್ಟಿಯನ್ನು ಎತ್ತಿ ಸುರಿಯುವ ವ್ಯವಸ್ಥೆಯನ್ನು ನಮ್ಮ ಸೀಮೆಯ ಟ್ರೇಲರುಗಳು ಅಳವಡಿಸಿಕೊಂಡಿರುವಾಗ ಇದು ತಂತ್ರಜ್ಞಾನದ ಬಡತನವೆಂದು ಹೇಳುವಂತಿಲ್ಲ. ಹೇರು ಇಳಿಸುವುದಕ್ಕೆ ಖರ್ಚು ಮಾಡಿದೆವು, ಹೇರನ್ನು ನಿಲ್ಲಿಸುವುದಕ್ಕೆ ಮಾಡಲಿಲ್ಲ.

ಸುಧಾರಣೆಯ ಹೆಸರಿನಲ್ಲಿ

ಟ್ರೇಲರ್ ಮಾಲೀಕರು ಸುಧಾರಣೆಗೆ ಖರ್ಚು ಮಾಡುವುದಿಲ್ಲ ಎಂದಲ್ಲ, ಧಾರಾಳವಾಗಿಯೇ ಮಾಡುತ್ತಾರೆ. ಯಾವುದಕ್ಕೆ ಎಂಬುದೇ ಪ್ರಶ್ನೆ. ಪಕ್ಕದ ಹಲಗೆಗಳ ಮೇಲೆ ಇನ್ನೊಂದು ಸಾಲು ಹಲಗೆ ಅಥವಾ ಜಾಲರಿ ಕೂಡಿಸುತ್ತಾರೆ. ಕಮಾನು ಪಟ್ಟಿ ಕುಸಿಯಿತೆಂದು ಎರಡು ಪಟ್ಟಿ ಹೆಚ್ಚು ಹಾಕಿಸುತ್ತಾರೆ. ಜಾತ್ರೆ ಬಂದರೆ ಬಣ್ಣ, ಸಾಲು ದೀಪ, ಧ್ವನಿವರ್ಧಕ, ಅದಕ್ಕೊಂದು ಜನರೇಟರ್. ಇವೆಲ್ಲ ಟ್ರೇಲರಿನ ಹೊರುವ ಶಕ್ತಿಯನ್ನೋ ಮೆರುಗನ್ನೋ ಹೆಚ್ಚಿಸುತ್ತವೆ. ನಿಲ್ಲುವ ಶಕ್ತಿ ಇದ್ದಲ್ಲೇ ಇರುತ್ತದೆ.

ಪಟ್ಟಿ ಹೆಚ್ಚಿಸಿದರೆ ತೊಟ್ಟಿ ಕುಸಿಯುವುದಿಲ್ಲ, ನಿಜ. ಆದರೆ ಅಚ್ಚು, ಬೇರಿಂಗು, ಟೈರು, ಡ್ರಾಬಾರಿನ ವೆಲ್ಡು ಇವೆಲ್ಲ ಹಳೆಯವೇ. ಮೊದಲು ಪಟ್ಟಿ ಕುಸಿದು ‘ಹೇರು ಹೆಚ್ಚಾಯಿತು’ ಎಂದು ಎಚ್ಚರಿಸುತ್ತಿತ್ತು. ಅದರ ಬಾಯಿ ಮುಚ್ಚಿಸಿದ ಮೇಲೆ ಎಚ್ಚರಿಕೆ ಬರುವುದು ಅಚ್ಚು ಮುರಿದಾಗಲೇ.

ಎತ್ತರಿಸಿದ ಹಲಗೆಗಳ ಪರಿಣಾಮವನ್ನು ತಿಳಿಯಲು ಒಂದು ಸುಲಭ ಪ್ರಯೋಗವಿದೆ. ಮಕ್ಕಳೂ ಮಾಡಬಹುದು. ಖಾಲಿ ಬೆಂಕಿಪೊಟ್ಟಣವೊಂದನ್ನು ಉದ್ದುದ್ದ ನಿಲ್ಲಿಸಿ. ಒಳಗೆ ತಳಭಾಗದಲ್ಲಿ ಒಂದು ನಾಣ್ಯವನ್ನು ಅಂಟಿಸಿ, ಒರಟು ಬಟ್ಟೆ ಸುತ್ತಿದ ಹಲಗೆಯ ಮೇಲಿಡಿ. ಹಲಗೆಯ ಒಂದು ತುದಿಯನ್ನು ನಿಧಾನವಾಗಿ ಎತ್ತುತ್ತಾ ಹೋಗಿ. ಪೊಟ್ಟಣ ಉರುಳುವಾಗ ಎಷ್ಟು ಎತ್ತರವಿತ್ತೆಂದು ಗುರುತು ಮಾಡಿಕೊಳ್ಳಿ. ಈಗ ನಾಣ್ಯವನ್ನು ಮೇಲಿನ ತುದಿಗೆ ಅಂಟಿಸಿ ಮತ್ತೆ ಮಾಡಿ. ಈ ಸಲ ಪೊಟ್ಟಣ ಬೇಗ ಉರುಳುತ್ತದೆ. ತೂಕ ಬದಲಾಗಿಲ್ಲ, ಪೊಟ್ಟಣದ ಅಗಲವೂ ಬದಲಾಗಿಲ್ಲ. ಬದಲಾದದ್ದು ಗುರುತ್ವ ಕೇಂದ್ರದ ಎತ್ತರ.

ಟ್ರೇಲರಿನ ಎರಡು ಬದಿಯ ಚಕ್ರಗಳ ನಡುವಿನ ಅಂತರ 1.6 ಮೀ. ಎಂದುಕೊಳ್ಳಿ. ಗುರುತ್ವ ಕೇಂದ್ರ ನೆಲದಿಂದ 1.2 ಮೀ. ಎತ್ತರದಲ್ಲಿದ್ದರೆ, 10 ಮೀ. ತ್ರಿಜ್ಯದ ತಿರುವಿನಲ್ಲಿ ಅದು ಮಗುಚುವ ವೇಗ ಲೆಕ್ಕದ ಪ್ರಕಾರ ಗಂಟೆಗೆ 29 ಕಿ.ಮೀ. ಗುರುತ್ವ ಕೇಂದ್ರ 1.6 ಮೀಟರಿಗೆ ಏರಿದರೆ 25 ಕಿ.ಮೀ. ಪಟ್ಟಿ ಮತ್ತು ಟೈರು ಒಂದು ಕಡೆಗೆ ವಾಲುವುದರಿಂದ, ರಸ್ತೆಯ ಅಂಚು ಕುಸಿದಿರುವುದರಿಂದ ನಿಜವಾದ ಮಿತಿ ಇದಕ್ಕಿಂತ ಕಡಿಮೆ. ಅದರಲ್ಲೂ ಭತ್ತದ ಚೀಲ ಇಟ್ಟಲ್ಲೇ ಇರುತ್ತದೆ, ಜನ ಇರುವುದಿಲ್ಲ. ತಿರುವಿನಲ್ಲಿ ನಿಂತವರು ಹೊರಬದಿಗೆ ಒರಗುತ್ತಾರೆ. ಟ್ರೇಲರ್ ವಾಲಿದಷ್ಟೂ ಇನ್ನಷ್ಟು ಆ ಕಡೆಗೇ ಜಾರುತ್ತಾರೆ. ಮಗುಚುವ ಬಲಕ್ಕೆ ಜನರೇ ಕೈಜೋಡಿಸಿದಂತಾಗುತ್ತದೆ. ಬಳ್ಳಾರಿ ಸೀಮೆಯಲ್ಲಿ ಹೊಲಗಳ ದಾರಿ ಬಹುಮಟ್ಟಿಗೆ ತುಂಗಭದ್ರಾ ಕಾಲುವೆಗಳ ಏರಿಯ ಮೇಲೆ. ಒಂದು ಕಡೆ ನೀರು, ಇನ್ನೊಂದು ಕಡೆ ತಗ್ಗು. ಅಲ್ಲಿ ಮಗುಚುವುದೆಂದರೆ ಏನೆಂದು ವಿವರಿಸಬೇಕಾಗಿಲ್ಲ.

ಈ ಬದಲಾವಣೆಗಳಿಗೆ ಕಾನೂನಿನ ತೊಡಕೂ ಇದೆ. 1988ರ ಮೋಟಾರು ವಾಹನ ಕಾಯಿದೆಯ ಪ್ರಕಾರ ಟ್ರೇಲರಿಗೂ ಪ್ರತ್ಯೇಕ ನೋಂದಣಿ ಬೇಕು. ಅದೇ ಕಾಯಿದೆಯ 52ನೆಯ ಕಲಮು, ನೋಂದಣಿ ಪತ್ರದಲ್ಲಿನ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ತಡೆಯುತ್ತದೆ. ಹಲಗೆ ಎತ್ತರಿಸುವುದು ಬರೀ ವೆಲ್ಡಿಂಗ್ ಕೆಲಸವಲ್ಲ ಎಂಬುದನ್ನು ಮಾಲೀಕರು ನೆನಪಿಡಬೇಕು.

ಕೊಂಡಿಯ ಮೇಲಿನ ಭಾರ

ಎರಡು ಚಕ್ರದ ಟ್ರೇಲರಿನಲ್ಲಿ ಹೇರು ಎಷ್ಟಿದೆ ಎಂಬುದರಷ್ಟೇ ಅದು ಎಲ್ಲಿದೆ ಎಂಬುದೂ ಮುಖ್ಯ. ಟ್ರೇಲರು ಅಚ್ಚಿನ ಮೇಲೆ ನಿಂತ ತಕ್ಕಡಿ. ಹೇರು ಅಚ್ಚಿನಿಂದ ಮುಂದಕ್ಕಿದ್ದರೆ ಕೊಂಡಿಯನ್ನು ಕೆಳಕ್ಕೆ ಒತ್ತುತ್ತದೆ. ಹಿಂದಕ್ಕಿದ್ದರೆ ಮೇಲಕ್ಕೆ ಎತ್ತುತ್ತದೆ. ಮೇಲಕ್ಕೆ ಎತ್ತಿದಾಗ ಟ್ರ್ಯಾಕ್ಟರಿನ ಹಿಂದಿನ ಚಕ್ರಗಳು ಹಗುರಾಗುತ್ತವೆ. ಇರುವ ಬ್ರೇಕೆಲ್ಲ ಅಲ್ಲೇ ಇರುವುದರಿಂದ ಹಿಡಿತವೂ ಹೋಗುತ್ತದೆ. ಜೊತೆಗೆ ಟ್ರೇಲರ್ ಬಾಲದಂತೆ ಅತ್ತಿತ್ತ ಒಲೆಯತೊಡಗುತ್ತದೆ. ಅಮೆರಿಕದ ಪ್ರವಾಸಿ ಟ್ರೇಲರ್ ಮಾಲೀಕರು ಇದಕ್ಕೆ ಒಂದು ಸೂತ್ರ ಇಟ್ಟುಕೊಂಡಿದ್ದಾರೆ: ಒಟ್ಟು ತೂಕದ ಶೇ. 10ರಿಂದ 15ರಷ್ಟು ಕೊಂಡಿಯ ಮೇಲೆ ಬೀಳಬೇಕು. ನಮ್ಮ ಟ್ರ್ಯಾಕ್ಟರಿಗೆ ಅಂಕಿ ಬೇರೆಯಾಗಬಹುದು, ತತ್ತ್ವ ಒಂದೇ. ನೀರು ತುಂಬಿದ 200 ಲೀಟರಿನ ಡ್ರಮ್ಮು 200 ಕಿ.ಗ್ರಾಂ.ಗೂ ಹೆಚ್ಚು ತೂಗುತ್ತದೆ. ‘ಹಿಂದೆ ಇದ್ದರೆ ನೀರು ತೆಗೆದುಕೊಳ್ಳಲು ಅನುಕೂಲ’ ಎಂದು ಅದನ್ನು ಹಿಂಬದಿಗೆ ಇಡುವುದು ತಪ್ಪು. ಅಚ್ಚಿಗಿಂತ ತುಸು ಮುಂದೆ, ನಡುವೆ, ಅಲುಗದಂತೆ ಕಟ್ಟಿ ಇಡಬೇಕು.

ಹಾಗೆಂದು ತೀರಾ ಮುಂದಕ್ಕೂ ಬೇಡ. ಕೊಂಡಿಯ ಮೇಲೆ ಅತಿಯಾದ ಭಾರ ಬಿದ್ದರೆ ಟ್ರ್ಯಾಕ್ಟರಿನ ಮೂತಿ ಹಗುರಾಗಿ ಸ್ಟೀರಿಂಗ್ ಕೇಳುವುದಿಲ್ಲ. ಕೊಂಡಿಯನ್ನು ಕಂಪನಿ ಕೊಟ್ಟ ಜಾಗಕ್ಕಿಂತ ಎತ್ತರದಲ್ಲಿ ಕಟ್ಟಿದರೆ ಇನ್ನೂ ಕೇಡು. ಏರಿನಲ್ಲಿ ಜೋರಾಗಿ ಎಳೆದಾಗ ಟ್ರ್ಯಾಕ್ಟರು ಮುಂಗಾಲೆತ್ತಿ ಹಿಂದಕ್ಕೆ ಚಾಲಕನ ಮೇಲೇ ಮಗುಚಬಹುದು.

ಕಾಣದ ಹಿಂಬದಿ

ಜಾತ್ರೆಯ ಟ್ರೇಲರುಗಳ ಪಕ್ಕದಲ್ಲಿ ಬಣ್ಣಬಣ್ಣದ ದೀಪಗಳು ಮಿನುಗುತ್ತಿರುತ್ತವೆ. ಹಿಂದೆ ಹೋಗಿ ನೋಡಿ. ಎಷ್ಟೋ ಟ್ರೇಲರುಗಳಲ್ಲಿ ಕೆಂಪು ದೀಪ ಒಡೆದಿರುತ್ತದೆ, ವೈರು ತುಂಡಾಗಿರುತ್ತದೆ ಅಥವಾ ಮೊದಲಿನಿಂದಲೂ ಇರುವುದಿಲ್ಲ. ಬಳ್ಳಾರಿ–ಹೊಸಪೇಟೆ ಹೆದ್ದಾರಿಯಲ್ಲಿ ಗಂಟೆಗೆ 80 ಕಿ.ಮೀ. ವೇಗದಲ್ಲಿ ಬರುವ ಲಾರಿಯ ಮುಂದೆ ಗಂಟೆಗೆ 20 ಕಿ.ಮೀ. ವೇಗದ ಟ್ರೇಲರ್ ಇದೆ ಎನ್ನಿ. ಅವುಗಳ ನಡುವಿನ ಅಂತರ ಸೆಕೆಂಡಿಗೆ ಸುಮಾರು 17 ಮೀಟರಿನಂತೆ ಕರಗುತ್ತದೆ. ಟ್ರೇಲರ್ 100 ಮೀಟರ್ ದೂರದಿಂದ ಕಂಡರೆ ಲಾರಿ ಚಾಲಕನಿಗೆ 6 ಸೆಕೆಂಡು ಸಿಗುತ್ತದೆ. ಎದುರು ವಾಹನದ ಬೆಳಕಿಗೆ ಕಣ್ಣು ಕೋರೈಸಿ 35 ಮೀಟರಿನಲ್ಲಿ ಕಂಡರೆ 2 ಸೆಕೆಂಡು ಮಾತ್ರ.

ಪ್ರತಿಫಲಕ ಪಟ್ಟಿಯ ಕೆಲಸ ಈ ನಾಲ್ಕು ಸೆಕೆಂಡುಗಳನ್ನು ಗಳಿಸಿಕೊಡುವುದು. ಸಾಮಾನ್ಯ ಬಣ್ಣ ತನ್ನ ಮೇಲೆ ಬಿದ್ದ ಬೆಳಕನ್ನು ಎಲ್ಲ ಕಡೆಗೂ ಚೆಲ್ಲುತ್ತದೆ. ಪ್ರತಿಫಲಕ ಪಟ್ಟಿಯೊಳಗಿನ ಸೂಕ್ಷ್ಮ ಗಾಜಿನ ಮಣಿಗಳು ಅಥವಾ ಪಟ್ಟಕಗಳು ಬೆಳಕನ್ನು ಬಂದ ದಾರಿಯಲ್ಲೇ ಹಿಂತಿರುಗಿಸುತ್ತವೆ. ಹಾಗಾಗಿ ಲಾರಿಯ ದೀಪ ಬಿದ್ದಾಗ ಅದು ಆ ಲಾರಿಯ ಚಾಲಕನ ಕಣ್ಣಿಗೇ ಹೊಳೆಯುತ್ತದೆ. ಇದಕ್ಕೆ ಬ್ಯಾಟರಿ ಬೇಡ, ವೈರು ಬೇಡ. ವಾರಕ್ಕೊಮ್ಮೆ ಕೆಸರು ಒರೆಸಿದರೆ ಸಾಕು. ಟ್ರೇಲರಿನ ಎರಡೂ ಬದಿಯ ಕೊನೆಯಂಚನ್ನು ತೋರಿಸುವಂತೆ ಹಚ್ಚಬೇಕು, ನಡುವೆ ಒಂದು ಚೂರು ಹಚ್ಚಿದರೆ ದೂರದಿಂದ ಅದು ಬೈಕಿನಂತೆ ಕಾಣುತ್ತದೆ. ನಿಧಾನವಾಗಿ ಚಲಿಸುವ ವಾಹನವೆಂದು ಸೂಚಿಸಲು ಕಿತ್ತಳೆ ಬಣ್ಣದ, ಕೆಂಪಂಚಿನ ತ್ರಿಕೋನ ಫಲಕವನ್ನು 1960ರ ದಶಕದ ಆರಂಭದಲ್ಲಿ ಅಮೆರಿಕದ ಓಹಿಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ರೂಪಿಸಲಾಯಿತು. ಕೃಷಿ ವಾಹನಗಳಿಗೆ ಹಿಂದಿನಿಂದ ಡಿಕ್ಕಿಯಾಗುವುದನ್ನು ತಡೆಯುವುದೇ ಅದರ ಉದ್ದೇಶ.

ಇನ್ನೊಂದು ಸಣ್ಣ ವಿಷಯ. ಕೆಟ್ಟು ನಿಂತ ಟ್ರೇಲರಿಗೆ ಕೈಬ್ರೇಕ್ ಇಲ್ಲದ್ದರಿಂದ ಚಕ್ರಕ್ಕೆ ಕಲ್ಲು ಕೊಡುತ್ತೇವೆ. ಹೊರಡುವಾಗ ಕಲ್ಲು ಅಲ್ಲೇ ಉಳಿಯುತ್ತದೆ. ರಾತ್ರಿ ಬರುವ ಬೈಕ್ ಸವಾರನಿಗೆ ಅದು ಯಮನಾಗುತ್ತದೆ. ಎರಡು ಮರದ ಬೆಣೆಗಳನ್ನು ಹಗ್ಗದಿಂದ ಟ್ರೇಲರಿಗೇ ಕಟ್ಟಿಡಿ. ಟ್ರೇಲರ್ ಹೊರಟರೆ ಬೆಣೆಯೂ ಜೊತೆಗೇ ಬರುತ್ತದೆ.

ಮಾಲೀಕರ ಕೈಯಲ್ಲಿರುವ ಕೆಲಸ

ಟ್ರ್ಯಾಕ್ಟರಿಗೆ ಸರ್ವಿಸ್ ಪುಸ್ತಕವಿದೆ. ಇಂತಿಷ್ಟು ಗಂಟೆಗೆ ಎಣ್ಣೆ, ಇಂತಿಷ್ಟು ಗಂಟೆಗೆ ಫಿಲ್ಟರ್ ಎಂದು ಅದರಲ್ಲಿ ಬರೆದಿರುತ್ತದೆ. ಮಧ್ಯಪ್ರದೇಶದ ಬುದ್ನಿಯಲ್ಲಿರುವ ಕೇಂದ್ರ ಸರ್ಕಾರದ ಸಂಸ್ಥೆ ಟ್ರ್ಯಾಕ್ಟರುಗಳನ್ನು ಪರೀಕ್ಷಿಸಿ ವರದಿ ನೀಡುತ್ತದೆ. ಶೆಡ್ಡಿನಲ್ಲಿ ಹುಟ್ಟುವ ಎಷ್ಟೋ ಟ್ರೇಲರುಗಳಿಗೆ ಅಂಥ ಜಾತಕವೂ ಇಲ್ಲ, ಪುಸ್ತಕವೂ ಇಲ್ಲ. ಆದ್ದರಿಂದ ಪುಸ್ತಕವನ್ನು ಮಾಲೀಕರೇ ಬರೆದುಕೊಳ್ಳಬೇಕು. ನೂರು ಪುಟದ ಒಂದು ನೋಟ್‌ಬುಕ್ ಸಾಕು. ಅದರಲ್ಲಿ ಇರಬೇಕಾದ ಕೆಲವು ಅಂಶಗಳಿವು:

ಕೊಂಡಿ ಮತ್ತು ಪಿನ್ನು: ಹೊರಡುವ ಮುನ್ನ ಪ್ರತಿ ಸಲವೂ ನೋಡಬೇಕು. ಪಿನ್ನು ನಡುವೆ ಸವೆದು ಸೊಂಟವಾಗಿದ್ದರೆ ಬದಲಿಸಿ. ಪಿನ್ನು ಮೇಲಕ್ಕೆ ಜಿಗಿಯದಂತೆ ಕೆಳಗೆ ಕ್ಲಿಪ್ಪು ಇರಲೇಬೇಕು. ಅದರ ಬದಲಿಗೆ ತಂತಿ, ಮೊಳೆ ಹಾಕಬಾರದು. ಪಿನ್ನು ಕಳಚಿದರೂ ಟ್ರೇಲರು ಬಿಟ್ಟುಹೋಗದಂತೆ ಗಟ್ಟಿ ಸರಪಳಿಯನ್ನು ಅಡ್ಡಡ್ಡ ಹಾಕಿ.

ಡ್ರಾಬಾರಿನ ವೆಲ್ಡು: ಬಣ್ಣದ ಮೇಲೆ ಕೂದಲಿನಂಥ ತುಕ್ಕಿನ ಗೆರೆ ಕಂಡರೆ ಅದು ಬಿರುಕು. ಸಾವಿರಾರು ಸಲ ಎಳೆದು ತಳ್ಳಿದಾಗ ಕಬ್ಬಿಣ ದಣಿದು ಸೀಳುವುದು ಹೀಗೆಯೇ. ಬಿರುಕಿನ ಮೇಲೆ ಇನ್ನೊಂದು ಸಾಲು ವೆಲ್ಡ್ ಎಳೆಸಿದರೆ ಅದು ಮುಚ್ಚಿಹೋಗುತ್ತದೆ, ವಾಸಿಯಾಗುವುದಿಲ್ಲ. ಬಿರುಕನ್ನು ಬುಡದವರೆಗೆ ಉಜ್ಜಿ ತೆಗೆದು ಆಮೇಲೆ ತುಂಬಿಸಬೇಕು. ಕಮಾನು ಪಟ್ಟಿಗೆ ಮಾತ್ರ ವೆಲ್ಡ್ ಬೇಡವೇ ಬೇಡ. ಹದಗೊಳಿಸಿದ ಉಕ್ಕು ವೆಲ್ಡಿನ ಶಾಖಕ್ಕೆ ಹದ ಕಳೆದುಕೊಂಡು ಪಕ್ಕದಲ್ಲೇ ಮುರಿಯುತ್ತದೆ.

ಬೇರಿಂಗು: ಹತ್ತು ಕಿ.ಮೀ. ಓಡಿದ ಮೇಲೆ ನಿಲ್ಲಿಸಿ, ಹಬ್ಬಿನ ಹತ್ತಿರ ಅಂಗೈ ತನ್ನಿ. ನಾಲ್ಕೂ ಕಡೆ ಬೆಚ್ಚಗಿರುವುದು ಸಹಜ. ಒಂದು ಮಾತ್ರ ಮುಟ್ಟಲಾಗದಷ್ಟು ಬಿಸಿಯಿದ್ದರೆ ಅಲ್ಲಿ ಗ್ರೀಸು ಒಣಗಿದೆ, ಇಲ್ಲವೆ ಬೇರಿಂಗು ಅತಿಯಾಗಿ ಬಿಗಿಯಾಗಿದೆ. ಜ್ಯಾಕ್ ಕೊಟ್ಟು ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿದಾಗ ಕಟಕಟ ಅಲುಗಿದರೆ ಸಡಿಲವಾಗಿದೆ. ಚಕ್ರ ಬಿಚ್ಚಿ ಹಾಕಿದ ಮೇಲೆ ಸುಮಾರು 50 ಕಿ.ಮೀ. ಓಡಿಸಿ ನಟ್ಟುಗಳನ್ನು ಮತ್ತೊಮ್ಮೆ ಬಿಗಿಯಬೇಕು.

ಟೈರು: ಟ್ರೇಲರಿನ ಟೈರು ಸವೆಯುವುದಕ್ಕೆ ಮೊದಲು ಮುದಿಯಾಗುತ್ತದೆ. ಬಳ್ಳಾರಿಯ ಬಿಸಿಲಿಗೆ ತಿಂಗಳುಗಟ್ಟಲೆ ನಿಂತ ರಬ್ಬರು ಪಕ್ಕದಲ್ಲಿ ಬಿರಿಯುತ್ತದೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳ ಗುರುತು ಇರುತ್ತದೆ. ಮೊದಲ ಎರಡು ವಾರ, ಕೊನೆಯ ಎರಡು ವರ್ಷ. 2319 ಎಂದಿದ್ದರೆ ಅದು 2019ರ 23ನೆಯ ವಾರದಲ್ಲಿ ತಯಾರಾದದ್ದು. ಗಾಳಿ ಕಡಿಮೆಯಿದ್ದರೆ ಪಕ್ಕದ ಗೋಡೆ ಸುತ್ತು ಸುತ್ತಿಗೂ ಬಾಗಿ ಒಳಗೊಳಗೇ ಕಾಯುತ್ತದೆ. ಬೇಸಿಗೆಯಲ್ಲಿ ಟೈರು ಸಿಡಿಯಲು ಇದೂ ಮುಖ್ಯ ಕಾರಣ.

ಬೆಂಕಿ: ಒಣಹುಲ್ಲು, ತಾಡಪಾಲು, ಅನಿಲ ಸಿಲಿಂಡರು, ಜನರೇಟರು ಒಂದೇ ತೊಟ್ಟಿಯಲ್ಲಿ ಇರಕೂಡದು. ಅಡುಗೆ ಆಗಬೇಕಾದದ್ದು ಇಳಿದು, ಟ್ರೇಲರಿನಿಂದ ದೂರದಲ್ಲಿ.

ಆಕ್ಷೇಪ ಮತ್ತು ಉತ್ತರ

ಇಷ್ಟೆಲ್ಲ ಮಾಡಿದರೆ ಟ್ರೇಲರಿನಲ್ಲಿ ಕುಟುಂಬವನ್ನು ಕೂರಿಸಿಕೊಂಡು ಜಾತ್ರೆಗೆ ಹೋಗಬಹುದೇ? ನೇರವಾಗಿ ಹೇಳಬೇಕು: ಹೋಗಬಾರದು. ಮೇಲಿನ ಕೆಲಸಗಳು ಟ್ರೇಲರನ್ನು ಒಳ್ಳೆಯ ಸರಕು ವಾಹನವನ್ನಾಗಿ ಮಾಡುತ್ತವೆ, ಪ್ರಯಾಣಿಕ ವಾಹನವನ್ನಾಗಿ ಮಾಡುವುದಿಲ್ಲ. ಅದರಲ್ಲಿ ಆಸನವಿಲ್ಲ, ಹಿಡಿದುಕೊಳ್ಳಲು ಏನಿಲ್ಲ, ಮಗುಚಿದಾಗ ತಲೆ ಕಾಯುವ ಚೌಕಟ್ಟಿಲ್ಲ. ನೀರಿಗೆ ಬಿದ್ದರೆ ಆಸರೆಯಾಗಿದ್ದ ತಾಡಪಾಲೇ ಬಲೆಯಾಗುತ್ತದೆ. ಯುರೋಪಿನ ಪ್ರವಾಸಿ ಟ್ರೇಲರಿನಲ್ಲಿ ಹಾಸಿಗೆ ಇದೆ, ಅಡುಗೆಮನೆ ಇದೆ, ಬ್ರೇಕೂ ಇದೆ. ಆದರೂ ಓಡುವಾಗ ಅಲ್ಲಿ ಜನ ಕೂರುವುದಿಲ್ಲ. ಎಳೆಯುವ ಕಾರಿನಲ್ಲಿ, ಬೆಲ್ಟು ಕಟ್ಟಿಕೊಂಡು ಕೂರುತ್ತಾರೆ.

ಇದು ಬರೀ ಹೆದರಿಸುವ ಮಾತಲ್ಲ. 2022ರ ಅಕ್ಟೋಬರ್ 1ರಂದು ಉತ್ತರ ಪ್ರದೇಶದ ಕಾನ್ಪುರ ಜಿಲ್ಲೆಯಲ್ಲಿ ದೇವಿಯ ದರ್ಶನ ಮುಗಿಸಿ ಮರಳುತ್ತಿದ್ದವರ ಟ್ರ್ಯಾಕ್ಟರ್ ಟ್ರೇಲರು ಹೊಂಡಕ್ಕೆ ಮಗುಚಿ ಇಪ್ಪತ್ತೈದಕ್ಕೂ ಹೆಚ್ಚು ಜನ ತೀರಿಕೊಂಡರು. ಹೆಚ್ಚಿನವರು ಹೆಂಗಸರು ಮತ್ತು ಮಕ್ಕಳು. 2024ರ ಫೆಬ್ರುವರಿ 24ರಂದು ಅದೇ ರಾಜ್ಯದ ಕಾಸ್‌ಗಂಜ್ ಜಿಲ್ಲೆಯಲ್ಲಿ ಗಂಗಾಸ್ನಾನಕ್ಕೆ ಹೊರಟವರ ಟ್ರೇಲರು ಕೆರೆಗೆ ಉರುಳಿ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಅಂದು ಮಾಘ ಹುಣ್ಣಿಮೆ, ಅಂದರೆ ನಮ್ಮ ಭಾರತ ಹುಣ್ಣಿಮೆ. ನೀರಿನ ಅಪಾಯ ದೂರದ್ದೂ ಅಲ್ಲ. 2022ರ ಸೆಪ್ಟೆಂಬರಿನಲ್ಲಿ ಕೊಳಗಲ್ಲಿನ ಬಳಿಯೇ ಕೃಷಿ ಕೂಲಿಗೆ ಹೊರಟ ಮಹಿಳೆಯರಿದ್ದ ಆಟೊ ತುಂಗಭದ್ರಾ ಮೇಲ್ಮಟ್ಟದ ಕಾಲುವೆಗೆ ಬಿದ್ದು ಸಾವುಗಳಾದವು. ಅದು ಆಟೊ. ಟ್ರೇಲರಿನಲ್ಲಿ ಕೂರುವವರು ಅದರ ಹಲವು ಪಟ್ಟು.

ಹಣದ ವಿಷಯವನ್ನೂ ಮಾಲೀಕರು ತಿಳಿದಿರಬೇಕು. ಸರಕು ವಾಹನದಲ್ಲಿ ಬಾಡಿಗೆಯಿಲ್ಲದೆ ಪ್ರಯಾಣಿಸುವವರಿಗೆ ಪರಿಹಾರ ಕೊಡುವ ಹೊಣೆ ವಿಮಾ ಕಂಪನಿಯದಲ್ಲ ಎಂದು ಸುಪ್ರೀಂ ಕೋರ್ಟು 2002ರ ಡಿಸೆಂಬರಿನಲ್ಲಿ ಆಶಾ ರಾಣಿ ಪ್ರಕರಣದಲ್ಲಿ ತೀರ್ಪು ನೀಡಿತು. ನೆರೆಯವರನ್ನು ಪುಣ್ಯಕ್ಕೆಂದು ಹತ್ತಿಸಿಕೊಂಡ ಮಾಲೀಕರ ಹೊಲವೇ ಪರಿಹಾರಕ್ಕೆ ಹೋಗಬಹುದು.

‘ಬಸ್ಸಿಲ್ಲದ ಊರಿನವರು ಏನು ಮಾಡಬೇಕು?’ ಎಂಬ ಆಕ್ಷೇಪ ನ್ಯಾಯವಾದದ್ದು. ಜನ ಟ್ರೇಲರ್ ಹತ್ತುವುದು ಮೋಜಿಗಲ್ಲ. ಹೊತ್ತಿಗೆ ಸರಿಯಾಗಿ ಬರುವ ಬಸ್ಸು ಇರುವುದಿಲ್ಲ. ಇದ್ದರೂ ಮೂರು ದಿನದ ಬುತ್ತಿ, ಹಾಸಿಗೆ, ನೀರು ಬಸ್ಸಿನಲ್ಲಿ ಹಿಡಿಸುವುದಿಲ್ಲ. ಜಾತ್ರೆಯ ಬಯಲಿನಲ್ಲಿ ನೆರಳಿಗೆ ಟ್ರೇಲರೇ ಗತಿ. ಹೀಗಾಗಿ ಬಿಡಿ ಎಂದಷ್ಟೇ ಹೇಳಿ ಕೈತೊಳೆದುಕೊಳ್ಳುವ ವಿಮರ್ಶೆ ಅರ್ಧ ವಿಮರ್ಶೆ. ಇದಕ್ಕೊಂದು ದಾರಿಯಿದೆ. ಸಾಮಾನು ಟ್ರೇಲರಿನಲ್ಲಿ ಹೋಗಲಿ, ಜನ ಬಸ್ಸಿನಲ್ಲಿ ಹೋಗಲಿ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ಉಚಿತ ಪ್ರಯಾಣವಿದೆ. ಗ್ರಾಮ ಪಂಚಾಯಿತಿಯೂ ಊರ ಹಿರಿಯರೂ ಜಾತ್ರೆಗೆ ತಿಂಗಳಿರುವಾಗಲೇ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ ಡಿಪೊಗೆ ಅರ್ಜಿ ಕೊಟ್ಟು ವಿಶೇಷ ಬಸ್ಸು ಕೇಳಬೇಕು. ಟ್ರೇಲರು ಹಗಲಿನಲ್ಲೇ ಮುಂಚಿತವಾಗಿ ಹೊರಟು ತಲುಪಲಿ. ಅಲ್ಲಿ ನಿಂತು, ಚಕ್ರಕ್ಕೆ ಬೆಣೆ ಕೊಟ್ಟ ಮೇಲೆ ಅದು ಮನೆಯಾಗಲಿ. ನಿಂತಿರುವಾಗ ಟ್ರೇಲರಿನಷ್ಟು ಒಳ್ಳೆಯ ಮನೆ ಜಾತ್ರೆಯ ಬಯಲಿನಲ್ಲಿ ಇನ್ನೊಂದಿಲ್ಲ.

ಕೊನೆಯದಾಗಿ

ತೂಗಿ ನೋಡಿದರೆ ತೀರ್ಪು ಹೀಗೆ ಬರುತ್ತದೆ. ಹೊರುವುದರಲ್ಲಿ ಟ್ರೇಲರ್ ಮೊದಲ ದರ್ಜೆ, ದುರಸ್ತಿಯ ಸುಲಭದಲ್ಲಿ ಮೊದಲ ದರ್ಜೆ, ನಿಲ್ಲುವುದರಲ್ಲಿ ಅನುತ್ತೀರ್ಣ, ಕಾಣಿಸಿಕೊಳ್ಳುವುದರಲ್ಲಿ ಅನುತ್ತೀರ್ಣ. ಮೊದಲ ಎರಡು ಗುಣ ಬಂಡಿಯಿಂದ ಬಂದ ಆಸ್ತಿ. ಕೊನೆಯ ಎರಡು ದೋಷ, ಎತ್ತಿನ ವೇಗಕ್ಕೆ ಸರಿಹೊಂದುತ್ತಿದ್ದ ರಚನೆಯನ್ನು ಡೀಸೆಲ್ಲಿನ ವೇಗಕ್ಕೆ ಹೂಡಿದ್ದರ ಫಲ. ತಯಾರಕರು ಟ್ರೇಲರಿಗೆ ಬ್ರೇಕ್ ಕಟ್ಟಬೇಕು. ಕೊಳ್ಳುವವರು ಬಣ್ಣಕ್ಕಿಂತ ಮೊದಲು ಅದನ್ನು ಕೇಳಬೇಕು. ಸಾಲ ಕೊಡುವ ಬ್ಯಾಂಕು, ಸಹಾಯಧನ ಕೊಡುವ ಇಲಾಖೆ ಅದನ್ನು ಷರತ್ತಾಗಿ ಇಡಬಹುದು. ಅದಕ್ಕೆಲ್ಲ ಕಾಲ ಹಿಡಿಯುತ್ತದೆ.

ಕಾಲ ಹಿಡಿಯದ ಕೆಲಸಗಳೂ ಇವೆ: ಎರಡು ಪೆಡಲುಗಳ ಕೊಂಡಿ, ಪಿನ್ನಿನ ಕ್ಲಿಪ್ಪು, ಒಂದು ಸರಪಳಿ, ಹಿಂಬದಿಗೆ ಪ್ರತಿಫಲಕ ಪಟ್ಟಿ, ಎರಡು ಬೆಣೆ. ಮುಂದಿನ ಹುಣ್ಣಿಮೆಯವರೆಗೆ ಕಾಯದೆ ಈ ವಾರವೇ ಒಮ್ಮೆ ನಿಮ್ಮ ಟ್ರೇಲರಿನ ಸುತ್ತ ನಡೆದು ನೋಡಿ.